‘ಬರ್ ಬೇಕ್ರಿ’ ಎಂದದ್ದಕ್ಕೆ

ಸೃಷ್ಟಿ, ಮಾಲತೇಶ,

ಹೋದ ಸಲ ರಜೆಗೆ ನಾನು ಹಳಿಯಾಳಕ್ಕೆ ಬಂದಾಗ ನೀವಿಬ್ಬರೂ ನನ್ನ ಫೋನಿನ ಫೋಟೊಗಳನ್ನು ನೋಡಿ ಬಿದ್ದು ಬಿದ್ದು ನಕ್ಕಿರಿ. “ಆಯಿ, ಒಂದರಾಗೂ ಒಬ್ಬ ಮನಶ್ಯಾ ಇಲ್ಲಲ್ಲ, ಬರೇ ರಬ್ಬರ್ ಬಳೆ, ಉಕ್ಕಿನ ಬಿಲ್ಲೆ!” ಎಂದು ಮಾಲತೇಶ ಕೇಳಿದ. ನಾನು ರೊಟ್ಟಿ ತಿರುವಿ ಹಾಕಿದೆ. ಇಬ್ಬರು ಒಟ್ಟಿಗೆ ನನ್ನ ಮುಖ ನೋಡಿದರೂ ನನಗೆ ಮಾತು ಹೊರಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಚಿಗಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಕನ್ನಡ ಇದು. ತಪ್ಪು ಕಂಡರೆ ಪೆನ್ಸಿಲ್‌ನಿಂದ ತಿದ್ದಿ, ಪೆನ್ನಿನಿಂದ ಬೇಡ.

ನಿಮ್ಮ ಅಜ್ಜ ತೀರಿಕೊಂಡು, ಹಳಿಯಾಳದ ನಮ್ಮ ಹಿಟ್ಟಿನ ಗಿರಣಿ ಮುಚ್ಚಿದ ಮೇಲೆ ನಾನು ಗಣೇಶಗುಡಿಯ ಹೋಮ್‌ಸ್ಟೇಗೆ ಸೇರಿದೆ. ಅಲ್ಲಿ ಸ್ಟೋರಿನ ಕೀಲಿ ನನ್ನ ಸೊಂಟದಲ್ಲಿ ಇರುತ್ತದೆ. ಅಕ್ಕಿ, ಬೇಳೆ, ಸಾಬೂನು, ಬಲ್ಬು, ಮೊಳೆ, ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಏನಾದರೂ ಕೆಟ್ಟರೆ ಅದರ ಸಾಮಾನು ಹುಡುಕಿ ತರಿಸುವುದೂ ನನ್ನ ಪಾಲಿಗೇ ಬಂದಿದೆ. ಗಿರಣಿ ನಡೆಸಿದವಳು ಎಂದು ಮಾಲಕರಿಗೆ ನನ್ನ ಮೇಲೆ ಒಂದು ನಂಬಿಕೆ.

ನದಿಯ ಕಡೆ ಮುಖ ಮಾಡಿ ಅಲ್ಲಿ ಒಂದು ಕಾಫಿ ಕೌಂಟರ್ ಇದೆ. ಗೋವಾದಲ್ಲಿ ಮುಚ್ಚಿದ ಒಂದು ಕೆಫೆಯಿಂದ ಮಾಲಕರು ಎಸ್‌ಪ್ರೆಸೊ ಯಂತ್ರವನ್ನೂ ಬೀಜ ಪುಡಿ ಮಾಡುವ ಗ್ರೈಂಡರನ್ನೂ ಹಳೆಯದಾಗಿಯೇ ಕೊಂಡು ತಂದಿದ್ದರು. ಎರಡರ ಹೆಸರಿನ ತಗಡೂ ಕಿತ್ತುಹೋಗಿತ್ತು. ಅವನ್ನು ಕೂಡಿಸಲು ಬಂದ ಗೋವಾದವನು ಎರಡು ದಿನ ಇದ್ದು ಕಾಫಿ ಮಾಡುವುದನ್ನು ತೋರಿಸಿಕೊಟ್ಟ. ಅಡುಗೆಮನೆಯವರೆಲ್ಲ ಪ್ರಯತ್ನಿಸಿದರು. ಆದರೆ ಕೈ ಹತ್ತಿದ್ದು ಪಾತ್ರೆ ತೊಳೆಯಲು ಬರುತ್ತಿದ್ದ ಒಬ್ಬಳಿಗೆ ಮಾತ್ರ. ಜೋಯಿಡಾ ಕಡೆಯ ಸಿದ್ದಿ ಹೆಂಗಸು, ಮೂವತ್ತೈದರ ಆಸುಪಾಸು, ಎರಡು ಮಕ್ಕಳ ತಾಯಿ. ನನ್ನನ್ನು ಮಾವಶಿ ಎನ್ನುತ್ತಾಳೆ, ಎಂದರೆ ಚಿಕ್ಕಮ್ಮ. ಆಕೆ ಹಾಲಿನ ಶಬ್ದ ಕೇಳಿಯೇ ಅದು ಎಷ್ಟು ಬಿಸಿಯಾಗಿದೆ ಎಂದು ಹೇಳುತ್ತಿದ್ದಳು. ಮಾಲಕರು ಆಕೆಯನ್ನು ಸೀಸನ್ ಕೂಲಿಯಿಂದ ಎತ್ತಿ ವರ್ಷಪೂರ್ತಿ ಕೆಲಸದವಳನ್ನಾಗಿ ಮಾಡಿದರು. ರಾಫ್ಟಿಂಗ್ ನಿಂತು ಕೌಂಟರ್ ಮುಚ್ಚುವ ಮಳೆಗಾಲದಲ್ಲೂ ಆಕೆಗೆ ಒಳಗೆ ಕೆಲಸ ಇರುತ್ತಿತ್ತು. ನಮ್ಮ ಕಡೆ ಅದು ಸಣ್ಣ ಮಾತಲ್ಲ.

ಮರುವರ್ಷ ಮಳೆಗಾಲದಲ್ಲಿ ಕೌಂಟರ್ ಮುಚ್ಚಿದ್ದಾಗ, ಒಮ್ಮೆ ಓಡಿಸಿ ನೋಡುವಾಗ, ವೋಲ್ಟೇಜ್ ಏರಿ ಗ್ರೈಂಡರಿನ ಮೋಟರ್ ಸುಟ್ಟಿತು. ದಾಂಡೇಲಿಯ ಮಿಸ್ತ್ರಿಯವರು ಅದಕ್ಕೆ ಹೊಸ ತಂತಿ ಸುತ್ತಿ ಕೊಟ್ಟರು. ಮಳೆ ನಿಂತು ಕೌಂಟರ್ ತೆರೆದ ವಾರದಲ್ಲೇ ಎರಡು ತೊಂದರೆ ಒಟ್ಟಿಗೆ ಕಾಣಿಸಿದವು.

ಒಂದು, ಎಸ್‌ಪ್ರೆಸೊ ಯಂತ್ರ ಸೋರತೊಡಗಿತು. ಪುಡಿ ತುಂಬಿದ ಹಿಡಿಕೆಯನ್ನು ಯಂತ್ರದ ಬಾಯಿಗೆ ಸಿಕ್ಕಿಸಿ ತಿರುವುತ್ತಾರೆ. ಆ ಬಾಯಿಯೊಳಗೆ ಕುಕ್ಕರಿನಲ್ಲಿ ಇರುವಂಥದೇ ಒಂದು ರಬ್ಬರ್ ಗ್ಯಾಸ್ಕೆಟ್ ಇರುತ್ತದೆ. ಅದು ಒಣಗಿ ಕಟ್ಟಿಗೆಯಂತಾಗಿತ್ತು. ಬಿಸಿನೀರು ಕಪ್ಪಿಗೆ ಬೀಳದೆ ಆಕೆಯ ಕೈಮೇಲೆ ಬೀಳುತ್ತಿತ್ತು.

ಎರಡು, ಗ್ರೈಂಡರ್ ಪುಡಿ ಮಾಡದೆ ರವೆ ಮಾಡತೊಡಗಿತು. ಎಷ್ಟು ಬಿಗಿ ಮಾಡಿದರೂ ಅಷ್ಟೇ. ಮೇಲಾಗಿ ಪುಡಿ ಬಿಸಿಯಾಗಿ ಹೊರಗೆ ಬರುತ್ತಿತ್ತು. ಇಪ್ಪತ್ತೈದು ಮೂವತ್ತು ಸೆಕೆಂಡಿನಲ್ಲಿ ಜೇನಿನಂತೆ ಇಳಿಯಬೇಕಾದ ಕಾಫಿ ಒಂಬತ್ತು ಸೆಕೆಂಡಿನಲ್ಲಿ ನಲ್ಲಿ ಬಿಟ್ಟ ಹಾಗೆ ಸುರಿಯುತ್ತಿತ್ತು. ಗ್ರೈಂಡರಿನ ಒಳಗೆ ನಮ್ಮ ಗಿರಣಿಯ ಕಲ್ಲುಗಳಂತೆ ಎರಡು ಉಕ್ಕಿನ ಬಿಲ್ಲೆಗಳು, ಮೈತುಂಬ ಹಲ್ಲುಗಳು. ಕೆಳಗಿನದು ತಿರುಗುತ್ತದೆ, ಮೇಲಿನದು ನಿಂತಿರುತ್ತದೆ. ಅವಕ್ಕೆ ‘ಬರ್’ ಎನ್ನುತ್ತಾರೆ ಎಂದು ಗೋವಾದವನು ಹೇಳಿದ್ದ. ವರ್ಷಕ್ಕೊಮ್ಮೆ ಬದಲಿಸಬೇಕು ಎಂದೂ ಹೇಳಿದ್ದ. ವರ್ಷ ಆಗಿತ್ತು. ಹಾಗಾಗಿ ಬರ್ ಸವೆದಿದೆ ಎಂದು ಎಲ್ಲರೂ ಒಪ್ಪಿಕೊಂಡೆವು. ನಾನೂ ಒಪ್ಪಿಕೊಂಡೆ. ಇದನ್ನು ಮರೆಮಾಚದೆ ಬರೆಯುತ್ತಿದ್ದೇನೆ.

ಬುಧವಾರ ಮಾಲಕರು ಕೌಂಟರಿಗೆ ಬಂದು ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು.

“ಮುಂದಿನ ವಾರ ಶನಿವಾರ ಮೊದಲನೇ ಬ್ಯಾಚ್ ಬರ್ತೈತ್ರಿ ಅಕ್ಕಾರ. ಅಷ್ಟರಾಗ ಇದು ಸರಿ ಆದ್ರ ಆತು. ಇಲ್ಲಂದ್ರ ರಾಮನಗರದ ಹಳೇ ಸಾಮಾನಿನವ ಅವತ್ತ ಗಾಡಿ ತರ್ತಾನ, ಕೊಟ್ಟು ಬಿಡೂಣು. ಬಟನ್ ಒತ್ತಿದ್ರ ಕಾಫಿ ಬರೂ ಮಷಿನ್ ಇಡ್ತೇನಿ.”

ಬಟನ್ ಒತ್ತಲು ಆಳು ಬೇಕಾಗಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಕೆಟ್ಟ ಮನುಷ್ಯರಲ್ಲ. ಆಕೆ ಹಾಲಿನ ಜಗ್ಗು ಒರೆಸುತ್ತಾ ನಿಂತಿದ್ದಳು. ಅವರು ಹೋದ ಮೇಲೂ ಒಣಗಿದ ಜಗ್ಗನ್ನೇ ಒರೆಸುತ್ತಿದ್ದಳು.

“ಮಾವಶಿ, ನನ್ನ ಮತ್ತ ಸೀಸನ್ ಕೂಲಿಗೆ ಹಾಕ್ತಾರಲ್ಲ?”

“ಹತ್ತು ದಿನ ಅದಾವ,” ಎಂದೆ.

ಆವತ್ತೇ ಇಬ್ಬರೂ ಕೂತು ಹಳೆಯ ಗ್ಯಾಸ್ಕೆಟನ್ನು ಸ್ಕ್ರೂಡ್ರೈವರಿನಿಂದ ಕೆದಕಿ ತೆಗೆದೆವು. ಅದು ನಾಲ್ಕು ತುಂಡಾಗಿ ಬಂತು. ತುಂಡುಗಳನ್ನು ಒಂದು ರಟ್ಟಿನ ಮೇಲೆ ದುಂಡಗೆ ಜೋಡಿಸಿ ದಾರದಿಂದ ಕಟ್ಟಿ, ಫೋಟೊ ತೆಗೆದುಕೊಂಡು, ಮರುದಿನ ದಾಂಡೇಲಿಗೆ ಹೋದೆ.

ಮಿಸ್ತ್ರಿಯವರು ಕಾಗದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಮ್ಮ ಗಿರಣಿಯ ಮೋಟರುಗಳನ್ನು ಕಟ್ಟುತ್ತಿದ್ದವರೂ ಅವರೇ. ನಿಮ್ಮ ಅಜ್ಜನಿಗೆ ತಮ್ಮನಂತಿದ್ದರು, ನನ್ನನ್ನು ವೈನಿ, ಎಂದರೆ ಅತ್ತಿಗೆ, ಎಂದೇ ಕರೆಯುತ್ತಾರೆ.

“ಬರ್ರಿ ವೈನಿ. ಮೋಟರ್ ಹೆಂಗ ಐತಿ? ಹಾಡಾಕತ್ತೈತೋ ಇಲ್ಲೋ?”

“ಹಾಡಾಕತ್ತೈತ್ರಿ. ಇದು ಬ್ಯಾರೆ ಕೆಲಸ,” ಎಂದು ರಟ್ಟನ್ನು ಮುಂದಿಟ್ಟೆ.

ಅವರು ತುಂಡುಗಳ ದಪ್ಪ ಅಳೆದರು. ಏಳು ಮಿಲಿಮೀಟರ್ ಬಂತು. ಕಪ್ಪು ರಬ್ಬರ್ ಹಾಳೆಯಿಂದ ದುಂಡಗೆ ಕತ್ತರಿಸಿ, ಅಂಚಿಗೆ ಮರಳುಕಾಗದ ತಿಕ್ಕಿ ಕೊಟ್ಟರು. ಕೈಕೆಲಸ ನೋಡಿದರೆ ಕಣ್ಣು ತಂಪಾಗಬೇಕು, ಹಾಗಿತ್ತು. ಮರುದಿನ ಬೆಳಿಗ್ಗೆ ಅದನ್ನು ಕೂಡಿಸಿದೆವು. ಹಿಡಿಕೆ ತಿರುವಿದರೆ ನಡುವೆ ನಿಲ್ಲದೆ ಬಲಗಡೆಗೆ ಓಡಿಹೋಯಿತು. ಎಂದರೆ ಗ್ಯಾಸ್ಕೆಟ್ ತೆಳುವಾಯಿತು. ಹಳೆಯದು ವರ್ಷಗಟ್ಟಲೆ ಹಿಚುಕಿಸಿಕೊಂಡು ಏಳಕ್ಕೆ ಇಳಿದಿತ್ತು, ಹೊಸದಾಗಿದ್ದಾಗಿನ ಅಳತೆ ಅದಾಗಿರಲಿಲ್ಲ. ಇದು ನಮಗೆ ಆಮೇಲೆ ಹೊಳೆಯಿತು. ಆದರೂ ಆಕೆ ಒತ್ತಿ ಹಿಡಿದು ಒಂದು ಕಪ್ಪು ಇಳಿಸಿದಳು. ಬಾಯಿಗೆ ಹಾಕಿಕೊಂಡವಳು ಹೊರಗೆ ಓಡಿ ಉಗುಳಿ ಬಂದಳು.

“ಮಾವಶಿ, ಲಾರಿ ಟೈರ್ ಕುದಿಸಿ ಕುಡಿದಂಗ ಆತು.”

ನಾನೂ ನಕ್ಕೆ. ಆದರೆ ಆ ಹೊತ್ತಿಗೆ ಎರಡು ದಿನ ಹೋಗಿದ್ದವು.

ಇನ್ನು ಹುಬ್ಬಳ್ಳಿಗೆ ಫೋನ್ ಮಾಡಬೇಕಾಗಿತ್ತು. ಹೋಟೆಲ್ ಯಂತ್ರಗಳ ಬಿಡಿಭಾಗ ಮಾರುವ ಅಂಗಡಿಯೊಂದರ ನಂಬರನ್ನು ಗೋವಾದವನು ಬರೆದುಕೊಟ್ಟಿದ್ದ. ನನಗೆ ಫೋನ್ ಎಂದರೆ ಆಗುವುದಿಲ್ಲ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಸ್ಟೋರಿನ ಬಾಗಿಲು ಹಾಕಿಕೊಂಡು ಎರಡು ಸಲ ಓದಿದೆ. ಬ್ಲೇಡು, ಕಲ್ಲು, ಬಿಲ್ಲೆ ಎಂದರೆ ಹಳ್ಳಿಯವಳು ಎಂದುಕೊಂಡಾರು ಎಂದು ಸರಿಯಾದ ಶಬ್ದವನ್ನೇ ಬರೆದಿದ್ದೆ. ಶನಿವಾರ ಬೆಳಿಗ್ಗೆ ಸಿಗ್ನಲ್ ಸಿಗುವ ನೀರಿನ ಟಾಕಿಯ ಹತ್ತಿರ ನಿಂತು ಮಾತಾಡಿದೆ.

“ಗಣೇಶಗುಡಿ ಹೋಮ್‌ಸ್ಟೇದಿಂದ್ರಿ. ಕಾಫಿ ಮಷಿನ್‌ಗೆ ಗ್ಯಾಸ್ಕೆಟ್, ಗ್ರೈಂಡರ್‌ಗೆ ಬರ್ ಬೇಕ್ರಿ.”

“ಏನ್ರಿ?”

“ಬರ್ ಬೇಕ್ರಿ, ಬರ್ ಬೇಕು.”

“ಹಾಂ ಹಾಂ, ಆತ್ರಿ. ಗುರುವಾರ ಬರ್ತಾ…” ಆ ಕಡೆಯ ದನಿ ಕತ್ತರಿಸಿ ಕತ್ತರಿಸಿ ಬರುತ್ತಿತ್ತು. ವಿಳಾಸ ಹೇಳಿದೆ. ಅವರು ಬರೆದುಕೊಂಡರು. ನಾನು ಫೋನ್ ಇಟ್ಟುಬಿಟ್ಟೆ. ಅಳತೆ ಹೇಳಲಿಲ್ಲ, ಎಷ್ಟು ಜೊತೆ ಎಂದು ಅವರು ಕೇಳಲಿಲ್ಲ. ಅದು ವಿಚಿತ್ರ ಎಂದು ನನಗೆ ಅನ್ನಿಸಲೂ ಇಲ್ಲ. ಮಾತು ಮುಗಿಯಿತಲ್ಲ ಎಂಬುದೇ ದೊಡ್ಡ ಸಮಾಧಾನ.

ಐದು ದಿನ ಕಾದೆವು. ಆಕೆ ದಿನಾ ಬೆಳಿಗ್ಗೆ ಬಂದು ಕೌಂಟರಿನ ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು, ಮಧ್ಯಾಹ್ನ ಹಳೆಯ ಕೆಲಸಕ್ಕೆ, ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಗುರುವಾರ ಹನ್ನೊಂದರ ಬಸ್ಸಿಗೆ ಪಾರ್ಸೆಲ್ ಬರುತ್ತದೆಂದು ನಾನೇ ರಸ್ತೆಗೆ ಹೋಗಿ ನಿಂತೆ. ಕಂಡಕ್ಟರ್ ಪಾರ್ಸೆಲ್ ಇಲ್ಲ ಎಂದ. ಬಸ್ಸಿನಿಂದ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ನಡುವಯಸ್ಸಿನ ಮನುಷ್ಯ ಮಾತ್ರ ಇಳಿದ. ಕಣ್ಣು ಕೆಂಪಾಗಿದ್ದವು, ಘಟ್ಟದ ತಿರುವಿಗೆ ತಲೆಸುತ್ತಿ ಬಂದಿರಬೇಕು.

“ಹೋಮ್‌ಸ್ಟೇ ಎಲ್ಲೈತ್ರಿ ಅವ್ವಾರ? ಕಾಫಿ ಮಷಿನ್‌ದ್ದು.”

“ನಾನ ಅಲ್ಲ್ಯಾಕಿ. ಬರ್ ತಂದೀರೇನ್ರಿ?”

“ಏನ್ ತರೂದ್ರಿ? ಬರ್ಬೇಕು ಬರ್ಬೇಕು ಅಂತ ಎರಡೆರಡು ಸಲ ಒದರಿದ್ರಂತಲ್ಲ, ಅದಕ್ಕ ನಾನ ಬಂದೇನಿ!”

ನಾನು ರಸ್ತೆಯ ಮೇಲೆ ಹಾಗೇ ನಿಂತೆ. ಬರ್ ಬೇಕು ಎಂದಿದ್ದೆ. ಅವರಿಗೆ ಬರಬೇಕು ಎಂದು ಕೇಳಿಸಿತ್ತು. ‘ಬರ್ತಾರ’ ಎಂದು ಅವರು ಹೇಳಿದ್ದು ನನಗೆ ‘ಬರ್ತಾವ’ ಎಂದು ಕೇಳಿಸಿತ್ತು. ಹಳ್ಳಿಯವಳಂತೆ ‘ಗ್ರೈಂಡರಿನ ಕಲ್ಲು ಕಳಸ್ರಿ’ ಎಂದಿದ್ದರೆ ಸಾಕಾಗಿತ್ತು. ಹುಬ್ಬಳ್ಳಿ ಅಂಗಡಿಯಿಂದ ರಿಪೇರಿಗೆಂದು ಬಂದ ಆ ಮನುಷ್ಯನಿಗೆ ವಿಷಯ ತಿಳಿದಾಗ ಒಂದು ಕ್ಷಣ ಸಿಟ್ಟು ಬಂತು, ಆಮೇಲೆ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತು ನಗತೊಡಗಿದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಗು ಬಂತೋ ಅಳು ಬಂತೋ ಈಗ ನೆನಪಿಲ್ಲ.

ಕಾಫಿಯಾಕೆಗೆ ನಾನೇ ಹೋಗಿ ಹೇಳಿದೆ. ನನ್ನ ಎರಡು ಶಬ್ದದಿಂದ ನಿನ್ನ ಐದು ದಿನ ಹೋದವು ಎಂದೆ. ಆಕೆ ಬಯ್ಯಲಿಲ್ಲ.

“ಬಂದವರಿಗೆ ಮೊದಲ ಊಟ ಹಾಕೂಣು ಮಾವಶಿ. ಅಷ್ಟು ದೂರದಿಂದ ನಿಮ್ಮ ಮಾತಿಗೆ ಬಂದಾರ,” ಎಂದಳು.

ಬಂದವನ ಚೀಲದಲ್ಲಿ ಗ್ಯಾಸ್ಕೆಟ್‌ಗಳು ಇದ್ದವು. ಎಂಟು ಮಿಲಿಮೀಟರಿನದು ಹಾಕಿದ, ಹಿಡಿಕೆ ನಡುವನ್ನು ದಾಟಿ ಸ್ವಲ್ಪ ಬಲಕ್ಕೆ ಹೋಯಿತು. ತೆಗೆದು ಎಂಟೂವರೆಯದು ಹಾಕಿದ. ಹಿಡಿಕೆ ಮೂಗಿನ ನೇರಕ್ಕೆ ಬಂದು ನಿಂತಿತು. ಒಂದು ಹನಿ ಸೋರಲಿಲ್ಲ. ಅರ್ಧ ಕೆಲಸ ಆಯಿತು. ಆಮೇಲೆ ಗ್ರೈಂಡರಿನ ಮೇಲಿನ ಭಾಗ ಬಿಚ್ಚಿ ಇಣುಕಿದ. ಬರ್‌ನ ಅಗಲ ಅಳೆದ.

“ಅರವತ್ನಾಲ್ಕು, ಮೂರು ಸ್ಕ್ರೂದ್ದು. ವರ್ಷ ಆತಲ್ರಿ, ಸವದಿರ್ತಾವ. ಈ ಅಳತಿ ನಮ್ಮಲ್ಲಿ ಈಗ ಇಲ್ರಿ, ಬೆಂಗಳೂರಿಂದ ತರಸಬೇಕು. ನಾಕೈದು ದಿನ ಹಿಡೀತೈತಿ.”

“ನಾಡಿದ್ದ ಶನಿವಾರ,” ಎಂದಳು ಆಕೆ, ನೆಲ ನೋಡುತ್ತ.

ಅವನು ಮಜ್ಜಿಗೆ ಕುಡಿಯುತ್ತ ಯೋಚಿಸಿದ. ಮುಂಡಗೋಡದ ಟಿಬೆಟ್‌ನವರ ಕ್ಯಾಂಪಿನಲ್ಲಿ ಒಂದು ಕೆಫೆ ಇದೆ, ಅಲ್ಲಿ ಇದೇ ಗ್ರೈಂಡರ್ ಇದೆ, ತಾನೇ ಹೋಗಿ ಸರ್ವಿಸ್ ಮಾಡಿದ್ದೇನೆ, ಅವರ ಹತ್ತಿರ ಒಂದು ಹೊಸ ಜೊತೆ ಇಟ್ಟಿರಬಹುದು ಎಂದ. ಕೆಫೆಯ ಮಾಲಕಿಯ ಫೋನ್ ನಂಬರ್ ಕೊಡಲು ಬಂದ.

“ಫೋನ್ ಬ್ಯಾಡ್ರಿ,” ಎಂದೆ. “ನಾನ ಹೋಗ್ತೇನಿ.”

ಶುಕ್ರವಾರ ಮೊದಲ ಬಸ್ಸು ಹಿಡಿದೆ. ಹೆಂಗಸರ ಸೊನ್ನೆ ಟಿಕೆಟ್ ಇರುವುದರಿಂದ ಇಂಥ ತಿರುಗಾಟಕ್ಕೆ ಯಾರನ್ನೂ ಕೇಳಬೇಕಾಗಿಲ್ಲ, ಆಧಾರ್ ಕಾರ್ಡ್ ತೋರಿಸಿದರಾಯಿತು. ದಾಂಡೇಲಿಯಲ್ಲಿ ಒಂದು, ಯಲ್ಲಾಪುರದಲ್ಲಿ ಒಂದು ಬಸ್ಸು ಬದಲಿಸಿ ಮುಂಡಗೋಡ ತಲುಪಿದೆ. ಅಲ್ಲಿಂದ ಕ್ಯಾಂಪಿಗೆ ಶೇರ್ ಆಟೊ. ನನ್ನ ಜೊತೆ ಇಬ್ಬರು ಸಣ್ಣ ಲಾಮಾಗಳು ಬಟಾಟೆ ಚೀಲದ ಮೇಲೆ ಕಾಲಿಟ್ಟುಕೊಂಡು ಕೂತಿದ್ದರು.

ಕೆಫೆಯ ಮಾಲಕಿ ನನ್ನದೇ ವಯಸ್ಸಿನವರು. ಇಲ್ಲೇ ಹುಟ್ಟಿ ಬೆಳೆದವರು, ಮುಂಡಗೋಡ ಸಂತೆಯ ಕನ್ನಡ ಮಾತಾಡುತ್ತಾರೆ. ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಒಳಗಿನಿಂದ ನೋಡಿ, “ಕಾಫಿ ಬೇಕೋ, ನೀರು ಬೇಕೋ, ಬರೇ ನೆಳ್ಳು ಬೇಕೋ? ಏನರ ಬೇಕಂದ್ರ ಒಳಗ ಬರಬೇಕಲ್ಲ ಅಕ್ಕಾ!” ಎಂದರು. ಅವರ ದನಿಗೆ ನನ್ನ ನಾಚಿಕೆ ಸ್ವಲ್ಪ ಸಡಿಲವಾಯಿತು. ನಡೆದದ್ದೆಲ್ಲ ಹೇಳಿದೆ, ಬರ್ ಬೇಕ್ರಿ ಎಂದದ್ದನ್ನೂ ಹೇಳಿದೆ. ನಗುತ್ತ ನಗುತ್ತ ಅವರು ಹಿಂದಿನ ಕಪಾಟಿನಿಂದ ಒಂದು ರಟ್ಟಿನ ಡಬ್ಬಿ ತಂದು ನನ್ನ ಕೈಯಲ್ಲಿಟ್ಟರು. ಒಳಗೆ ಎಣ್ಣೆಕಾಗದದಲ್ಲಿ ಸುತ್ತಿದ ಒಂದು ಹೊಸ ಜೊತೆ ಬರ್.

“ಒಂದ ಜೋಡಿ ಐತಿ. ಒಯ್ರಿ. ನಿಮ್ಮದು ಬಂದ ಮ್ಯಾಲ ತಂದು ಕೊಡ್ರಿ.”

“ನಿಮಗ ಬೇಕಾದ್ರ?”

“ಬೇಕು. ನಂದೂ ಸವದಾವು, ಮುಂದಿನ ವಾರ ಹಾಕೂಣು ಅಂತ ಇಟ್ಟಿದ್ದೆ. ಆದ್ರ ನಿಮ್ಮಾಕಿ ಕೆಲಸ ಹೋಗ್ತೈತಲ್ಲ.”

ಮುಖ ನೋಡಿದ ಹತ್ತು ನಿಮಿಷಕ್ಕೆ ಅವರು ಆಡಿದ ಮಾತು ಇದು. ನನಗೆ ಏನೂ ಹೇಳಲು ಆಗದೆ ಬರ್‌ನ ಹಲ್ಲುಗಳ ಮೇಲೆ ಉಗುರು ಎಳೆಯುತ್ತ ಕೂತೆ. ಗಿರಣಿಯ ಕಾಲದ ಚಾಳಿ ಅದು. ಕಲ್ಲಿಗೆ ಉಳಿ ಹೊಡೆಸಿ ತಂದ ದಿನ ನಿಮ್ಮ ಅಜ್ಜ ಕಣ್ಣಿನಿಂದ ನೋಡುತ್ತಿರಲಿಲ್ಲ, ಉಗುರಿನಿಂದ ನೋಡುತ್ತಿದ್ದರು. ಇಲ್ಲಿಯೂ ಒಂದು ಕಡೆಗೆ ಎಳೆದರೆ ಉಗುರು ಜಾರಿತು, ಇನ್ನೊಂದು ಕಡೆಗೆ ಎಳೆದರೆ ಸಿಕ್ಕಿಕೊಂಡಿತು. ಹಲ್ಲಿಗೆ ಒಂದು ಕಡೆ ಬೆನ್ನು, ಒಂದು ಕಡೆ ಅಲಗು. ಆಗ ಯಾರೋ ಕಾಫಿ ಕೇಳಿದರು. ಮಾಲಕಿ ಎದ್ದುಹೋಗಿ ಗ್ರೈಂಡರ್ ಹಾಕಿದರು. ಮುಚ್ಚಳ ತೆಗೆದಿತ್ತು. ಮೇಲಿನಿಂದ ನೋಡಿದೆ. ಒಳಗಿನದು ನಲ್ಲಿ ಬಂದ್ ಮಾಡುವ ಕಡೆಗೆ ತಿರುಗುತ್ತಿತ್ತು, ಹಲ್ಲಿನ ಅಲಗು ಮುಂದಾಗಿ ಹೋಗಿ ಕಾಳಿಗೆ ಬಡಿಯುತ್ತಿತ್ತು.

ನಮ್ಮದು ಯಾವ ಕಡೆಗೆ ತಿರುಗುತ್ತದೆ?

ಆ ಪ್ರಶ್ನೆಯ ಹಿಂದೆಯೇ ನಮ್ಮ ಗಿರಣಿ ನೆನಪಾಯಿತು. ಹಳಿಯಾಳದಲ್ಲಿ ಕರೆಂಟಿನವರು ಕಂಬ ಹತ್ತಿ ತಂತಿ ಮುಟ್ಟಿ ಹೋದ ದಿನ ನಮ್ಮ ಗಿರಣಿ ಒಮ್ಮೊಮ್ಮೆ ಉಲ್ಟಾ ತಿರುಗುತ್ತಿತ್ತು. ಸದ್ದು ಚೆನ್ನಾಗಿಯೇ ಇರುತ್ತಿತ್ತು. ಹಿಟ್ಟು ಮಾತ್ರ ತರಿತರಿ, ಕೈಸುಡುವ ಬಿಸಿ. ಅದಕ್ಕೇ ಲೈನ್ ಕೆಲಸ ಆದ ಮೇಲೆ ಮೊದಲು ಬೆಲ್ಟಿನ ಪಟ್ಟಾ ಯಾವ ಕಡೆ ಓಡುತ್ತಿದೆ ನೋಡಿ, ಆಮೇಲೆ ಜೋಳ ಸುರಿಯುವುದು ನಮ್ಮಲ್ಲಿ ರೂಢಿ. ಆ ರೂಢಿಯನ್ನು ನಾನು ಗಿರಣಿಯ ಜೊತೆಗೇ ಬಾಗಿಲು ಹಾಕಿ ಬಂದಿದ್ದೆ. ಮೋಟರಿಗೆ ತಂತಿ ಸುತ್ತಿಸಿಕೊಂಡು ಬಂದ ಮೇಲೆ ನಮ್ಮ ಗ್ರೈಂಡರ್ ತಿರುಗುವ ದಿಕ್ಕನ್ನು ಯಾರೂ ನೋಡಿರಲಿಲ್ಲ.

ಫೋನ್ ಬೇಡ ಎಂದು ಬಂದವಳು ಈಗ ನಾನೇ ಫೋನ್ ತೆಗೆದೆ. ಕಾಫಿಯಾಕೆ ಎತ್ತಿಕೊಂಡಳು. ಹುಬ್ಬಳ್ಳಿಯವನು ಬಿಚ್ಚಿದ ಮೇಲಿನ ಭಾಗವನ್ನು ಇನ್ನೂ ಹಾಕಿರಲಿಲ್ಲ.

“ಗ್ರೈಂಡರ್ ಒಂದು ಸಲ ಚಾಲೂ ಮಾಡು. ದೂರ ನಿಂತು ಮ್ಯಾಲಿಂದ ನೋಡು. ಆರತಿ ಎತ್ತಿದಂಗ ತಿರಗತೈತೋ, ಉಲ್ಟಾ ತಿರಗತೈತೋ?”

“ಮಾವಶಿ, ನಾವು ಇಗರ್ಜಿ ಮಂದಿ, ಕ್ರಿಶ್ಚನ್ನರು! ನಾ ಯಾವತ್ತ ಆರತಿ ಎತ್ತೇನಿ? ನಲ್ಲಿದು ಕೇಳ್ರಿ, ಹೇಳ್ತೇನಿ.”

“ಆತು ನನ್ನವ್ವ. ನಲ್ಲಿ ಬಂದ್ ಮಾಡೂ ಕಡಿಗೋ, ಬಿಚ್ಚೂ ಕಡಿಗೋ?”

ಗ್ರೈಂಡರಿನ ಸದ್ದು ಕೇಳಿ ನಿಂತಿತು. “ಬಿಚ್ಚೂ ಕಡಿಗೆ.”

“ಈಗ ಪ್ಲಗ್ ಕಿತ್ತು ಆಮ್ಯಾಲ ಕೈ ಹಾಕು. ಪ್ಲಗ್ ಕಿತ್ತಿ?”

“ಕಿತ್ತೆ, ಕಿತ್ತೆ. ಕೈಯಾಗ ಹಿಡಕೊಂಡೇನಿ.”

“ಕೆಳಗಿನ ಬಿಲ್ಲೆ ಮ್ಯಾಲ ಉಗುರು ಎಳಿ, ನಲ್ಲಿ ಬಂದ್ ಮಾಡೂ ಕಡಿಗೆ.”

“ಜಾರತೈತಿ. ಬೆಣ್ಣಿ ಮ್ಯಾಲ ಎಳದಂಗ.”

“ಇನ್ನೊಂದು ಕಡಿಗೆ ಎಳಿ.”

“ಅಯ್ಯಯ್ಯ! ಉಗುರು ಮುರೀತು ಮಾವಶಿ!”

ಆಕೆಯ ಉಗುರು ಮುರಿದದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಪಾಪವೇ ಇರಬೇಕು. ಹಲ್ಲು ಸವೆದಿರಲಿಲ್ಲ, ಹರಿತವಾಗಿಯೇ ಇತ್ತು. ಎದುರಿನಿಂದ ಬಂದ ಉಗುರು ಸಿಕ್ಕಿಕೊಂಡಿತು ಎಂದರೆ ಅಲಗು ನಲ್ಲಿ ಬಂದ್ ಮಾಡುವ ಕಡೆಗೆ ಮುಖ ಮಾಡಿತ್ತು. ಮೋಟರ್ ಉಲ್ಟಾ ತಿರುಗಿ, ಅಲಗಿನ ಬದಲು ಹಲ್ಲಿನ ಬೆನ್ನಿನಿಂದ ಕಾಳನ್ನು ಜಜ್ಜುತ್ತಿತ್ತು.

ಈಗ ಕೈಯಲ್ಲಿ ಹೊಸ ಬರ್ ಇತ್ತು. ತೆಗೆದುಕೊಂಡು ಹೋಗಬಹುದಿತ್ತು. ಎಲ್ಲರೂ ಅದನ್ನೇ ಎದುರು ನೋಡುತ್ತಿದ್ದರು. ನನ್ನ ಲೆಕ್ಕ ತಪ್ಪಿದರೆ ಕೈಯಲ್ಲೊಂದು ಆಸರೆ ಆಗುತ್ತಿತ್ತು. ಆದರೆ ತೆಗೆದುಕೊಂಡು ಹೋದರೆ ನಾನೇನು ಮಾಡುತ್ತೇನೆ ಎಂಬುದು ನನಗೆ ಗೊತ್ತಿತ್ತು. ದಾಂಡೇಲಿಯಲ್ಲಿ ಇಳಿಯದೆ ಸೀದಾ ಗಣೇಶಗುಡಿಗೆ ಹೋಗಿ, ಹೊಸದನ್ನು ಹಾಕಿ ನೋಡೋಣ ಎಂದು ಕೂರುತ್ತಿದ್ದೆ. ಯಾಕೆಂದರೆ ‘ನೀವು ಮೋಟರ್ ಉಲ್ಟಾ ಕಟ್ಟೀರಿ’ ಎಂದು ಮಿಸ್ತ್ರಿಯವರಿಗೆ ಹೇಳುವುದಕ್ಕಿಂತ ಬೇರೆ ಏನಾದರೂ ಮಾಡುವುದು ನನಗೆ ಸುಲಭ. ಹೊಸ ಬರ್ ಕೂಡ ಹಾಗೇ ಜಜ್ಜುತ್ತಿತ್ತು, ಶನಿವಾರ ಕಳೆದುಹೋಗುತ್ತಿತ್ತು.

ಡಬ್ಬಿಯನ್ನು ಎಣ್ಣೆಕಾಗದದ ಸಮೇತ ಮುಚ್ಚಿ ಅವರ ಕೈಯಲ್ಲಿಟ್ಟೆ.

“ನಮ್ಮದ ಚಲೋ ಐತ್ರಿ. ನೀವು ಹಾಕ್ಕೋರಿ.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. “ಖರೇನ? ನನಗ ಬ್ಯಾಸರ ಆದೀತು ಅಂತ ಬಿಟ್ಟು ಹೋಗಾಕತ್ತಿಲ್ಲಲ್ಲ?”

“ಇಲ್ರಿ. ಖರೇನ.”

ಅವರು ಕೊಟ್ಟ ಬಿಸಿ ಮೊಮೊ ಪೊಟ್ಟಣವನ್ನು ಮಾತ್ರ ಬೇಡ ಎನ್ನಲು ಬಿಡಲಿಲ್ಲ.

ದಾಂಡೇಲಿ ತಲುಪಿದಾಗ ನಾಲ್ಕೂವರೆ. ಮಿಸ್ತ್ರಿಯವರು ಮಧ್ಯಾಹ್ನದ ನಮಾಜು, ಊಟ ಮುಗಿಸಿ ಅಂಗಡಿ ತೆರೆದು ಕೂತಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ಬರಲಿಲ್ಲ.

“ಯಾಕ ವೈನಿ, ಮುಖ ಸಣ್ಣದಾಗೇತಿ? ರಬ್ಬರ್ ಕೈ ಕೊಡ್ತೇನು?”

“ಅಣ್ಣಾರ, ನಮ್ಮ ಗಿರಣಿ ನೆನಪೈತೇನ್ರಿ? ಲೈನ್‌ನವರು ಕಂಬ ಹತ್ತಿ ಹೋದ ದಿನ ಜೋಳದ ಹಿಟ್ಟು ತರಿ ತರಿ ಬರ್ತಿತ್ತು…”

“ಬರ್ತಿತ್ತು. ಉಲ್ಟಾ ತಿರಗತಿತ್ತು. ನಾನ ಬಂದು ತಂತಿ ಬದಲಿ ಮಾಡಿ…”

ಅವರ ಮಾತು ಅಲ್ಲೇ ನಿಂತಿತು. ಕನ್ನಡಕ ತೆಗೆದರು. ನಾನು ನೆಲ ನೋಡುತ್ತಿದ್ದೆ. ಇಷ್ಟು ವರ್ಷದ ಕೈಕೆಲಸದವರಿಗೆ ನನ್ನಂಥವಳು ಬಂದು ಹೀಗೆ ಹೇಳಬಹುದೇ ಎಂದು ಅನ್ನಿಸುತ್ತಿತ್ತು.

“ತೋಬಾ, ತೋಬಾ!” ಎಂದು ಎರಡೂ ಕೆನ್ನೆ ತಟ್ಟಿಕೊಂಡರು. “ಸ್ಟಾರ್ಟಿಂಗ್ ತಂತಿ ತುದಿ ಅದಲಿ ಬದಲಿ ಕಟ್ಟೇನಿ. ಸುಟ್ಟು ಕರಕಲಾಗಿತ್ತು ನೋಡ್ರಿ, ಬಣ್ಣ ತಿಳೀಲಿಲ್ಲ. ಸದ್ದು ಕೇಳಿ ಖುಷಿಯಾಗಿ ಕೊಟ್ಟುಬಿಟ್ಟೆ, ತಿರಗೂದು ನೋಡಲೇ ಇಲ್ಲ.” ಕನ್ನಡಕ ಮತ್ತೆ ಹಾಕಿಕೊಂಡು, “ಈಗ ಬಸ್ ಹಿಡೀರಿ. ನಾಳೆ ಒಂಬತ್ತಕ್ಕ ನಾ ಅಲ್ಲಿರ್ತೇನಿ,” ಎಂದರು.

ಶನಿವಾರ ಎಂಟೂವರೆಗೇ ರಾಮನಗರದವನ ಪಿಕಪ್ ಬಂದು ಅಂಗಳದಲ್ಲಿ ನಿಂತಿತು. ಅವನು ಕೆಳಗಿಳಿದು ಯಂತ್ರದ ಉದ್ದಗಲವನ್ನು ಗೇಣು ಹಾಕಿ ನೋಡಿದ. ಕಾಫಿಯಾಕೆ ಅದರ ಮುಂದೆ ಬಂದು ನಿಂತಳು. “ಅಳತಿ ಆಮ್ಯಾಲ. ಮೊದಲ ಕೈ ತೊಳಕೊಂಡು ಬರ್ರಿ,” ಎಂದಳು. ಮಾಲಕರು ನನ್ನ ಕಡೆ ನೋಡಿದರು. ಒಂಬತ್ತರವರೆಗೆ ತಡೆಯಿರಿ ಎಂದೆ. ಅವರ ಎದುರು ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಒಂಬತ್ತಾಯಿತು. ಒಂಬತ್ತೂಕಾಲು ಆಯಿತು. ಆಮೇಲೆ ತಿರುವಿನಲ್ಲಿ ಮಿಸ್ತ್ರಿಯವರ ಸ್ಕೂಟರಿನ ಸದ್ದು ಕೇಳಿತು. ಯಾರಿಗೂ ನಮಸ್ಕಾರ ಹೇಳದೆ ಸೀದಾ ಬಂದು ಗ್ರೈಂಡರನ್ನು ಮಗ್ಗುಲಿಗೆ ಮಲಗಿಸಿ, ತಳದ ತಗಡು ಬಿಚ್ಚಿ, ಎರಡು ತಂತಿ ಬಿಡಿಸಿ, ಅದಲು ಬದಲು ಮಾಡಿ, ಟೇಪ್ ಸುತ್ತಿದರು. ಹದಿನೈದು ನಿಮಿಷದ ಕೆಲಸ. ಚಾಲೂ ಮಾಡಿ ಎಲ್ಲರಿಗಿಂತ ಮೊದಲು ತಾವೇ ಬಗ್ಗಿ ನೋಡಿದರು.

“ನಲ್ಲಿ ಬಂದ್!” ಎಂದು ಕಾಫಿಯಾಕೆ ಕೂಗಿದಳು.

ಮೇಲಿನ ಭಾಗವನ್ನು ಹಳೆಯ ಗೆರೆಗೇ ಕೂಡಿಸಿ ಬೀಜ ಸುರಿದಳು. ಪುಡಿ ಮೈದಾದಂತೆ ಬಿತ್ತು, ತಣ್ಣಗಿತ್ತು. ಆದರೆ ಮೊದಲ ಕಪ್ಪು ಇಳಿಯಲೇ ಇಲ್ಲ. ನಲವತ್ತು ಸೆಕೆಂಡಿಗೆ ನಾಲ್ಕು ಕರಿ ಹನಿ. ರಾಮನಗರದವನು ಗಾಡಿಯ ಹಿಂಬಾಗಿಲು ತೆರೆದ. ಆಕೆ ಮಾತ್ರ ಗಾಬರಿಯಾಗಲಿಲ್ಲ. ಉಲ್ಟಾ ತಿರುಗುತ್ತಿದ್ದಾಗ ನಾವು ಬಿಗಿ ಮಾಡುತ್ತ ಮಾಡುತ್ತ ಕೊನೆಯವರೆಗೆ ಬಿಗಿದಿದ್ದೆವಲ್ಲ, ಅದನ್ನು ಎರಡೆರಡು ಗೆರೆ ಸಡಿಲಿಸುತ್ತ ಬಂದಳು. ಎರಡನೆಯದು ಮೂವತ್ತಾರು ಸೆಕೆಂಡು. ಮೂರನೆಯದು ಇಪ್ಪತ್ತೆಂಟು. ಜೇನಿನ ಬಣ್ಣದ ಎಳೆ ಒಂದೇ ಸಮ ಇಳಿಯಿತು.

ಮಾಲಕರು ನಿಂತುಕೊಂಡೇ ಕುಡಿದರು. ಖಾಲಿ ಕಪ್ಪನ್ನು ಒಮ್ಮೆ ನೋಡಿ, ರಾಮನಗರದವನಿಗೆ, “ಒಂದು ಕಪ್ ಕುಡೀರಿ. ಗಾಡಿ ಖಾಲೀನ ಒಯ್ಯಬೇಕಾಗ್ತೈತಿ,” ಎಂದರು. ಆಮೇಲೆ ಆಕೆಯ ಕಡೆ ತಿರುಗಿ, “ಹನ್ನೊಂದಕ್ಕ ಬ್ಯಾಚ್ ಬರ್ತೈತಿ. ಕಪ್ ಬಿಸಿ ಮಾಡಿಡವಾ. ಬರೂ ಮಳಿಗಾಲದಾಗೂ ಇದನ್ನ ಬಂದ್ ಮಾಡೂದು ಬ್ಯಾಡ, ನೀನ ನಡಸು,” ಎಂದು ಹೇಳಿ ಒಳಗೆ ಹೋದರು.

ಆಕೆ ಕಪ್ಪುಗಳನ್ನು ಯಂತ್ರದ ತಲೆಯ ಮೇಲೆ ಒಂದೊಂದಾಗಿ ಬೋರಲು ಹಾಕಿದಳು. ಕೊನೆಯ ಕಪ್ಪು ಇಡುವಾಗ ಕಣ್ಣು ಒರೆಸಿಕೊಂಡಳು. ನಾನು ಸ್ಟೋರಿಗೆ ಹೋಗಿ ಸಕ್ಕರೆ ಡಬ್ಬಿ ತುಂಬಿಸಿದೆ. ಅದು ಮೊದಲೇ ತುಂಬಿತ್ತು.

ಮಿಸ್ತ್ರಿಯವರು ಹೊರಡುವಾಗ ಸ್ಕೂಟರ್ ಒದ್ದು ಚಾಲೂ ಮಾಡಿ ಹೇಳಿದರು: “ವೈನಿ, ಇನ್ನೊಂದು ಸಲ ನಾ ತಪ್ಪಿದ್ರ ಬಾಗಲದಾಗ ನಿಂತು ಗಿರಣಿ ಕಥಿ ಹೇಳಬ್ಯಾಡ್ರಿ. ಒಳಗ ಬಂದು ಕುಂತು ಬೈರಿ.”

ಮಕ್ಕಳೇ, ಆ ಹತ್ತು ದಿನ ನಾನು ಹುಡುಕಿದ ಬರ್ ಬೇಕಾಗಿರಲೇ ಇಲ್ಲ. ಆದರೂ ಹುಡುಕಿದ್ದು ದಂಡ ಎಂದು ನನಗೆ ಅನ್ನಿಸುವುದಿಲ್ಲ. ಹುಬ್ಬಳ್ಳಿಯವನು ತಪ್ಪು ತಿಳಿದು ಬರದಿದ್ದರೆ ನಾನು ಮುಂಡಗೋಡಕ್ಕೆ ಹೋಗುತ್ತಿರಲಿಲ್ಲ. ತಮ್ಮ ಒಂದೇ ಜೊತೆಯನ್ನು ಕೊಡಲು ಬಂದ ಆ ಹೆಂಗಸಿನ ಎದುರು ಮಾತು ಹೊರಡದೆ ಕೂತಿರದಿದ್ದರೆ ಉಗುರು ಎಳೆಯುತ್ತಿರಲಿಲ್ಲ.

ಕಾಫಿಯಾಕೆ ಈಗ ಕೌಂಟರಿನ ಗೋಡೆಗೆ ಒಂದು ಕಾಗದ ಅಂಟಿಸಿದ್ದಾಳೆ. ನಾನೇ ಬರೆದುಕೊಟ್ಟದ್ದು: ಗ್ಯಾಸ್ಕೆಟ್ ಎಂಟೂವರೆ. ಬರ್ ಅರವತ್ನಾಲ್ಕು, ಮೂರು ಸ್ಕ್ರೂ. ಮೋಟರ್ ತಿರುಗುವುದು ನಲ್ಲಿ ಬಂದ್ ಮಾಡುವ ಕಡೆಗೆ. ಹಬೆ ತಾಗಿ ಅದರ ಅಂಚು ಈಗಲೇ ಸುರುಳಿಯಾಗಿದೆ, ಅಕ್ಷರ ಹರಡುತ್ತಿವೆ. ಅದು ಹರಿದುಹೋದ ದಿನ ನಾನು ಇರುತ್ತೇನೋ ಇಲ್ಲವೋ, ಆಕೆ ನಿಮ್ಮ ಮನೆ ಬಾಗಿಲಿಗೆ ಬಂದು ಕೇಳಬಹುದು. ಹಾಗಾಗಿ ಈ ಹಾಳೆಗಳನ್ನು ನಿಮ್ಮ ಶಾಲೆಯ ಸರ್ಟಿಫಿಕೇಟ್ ಇಡುವ ಪ್ಲಾಸ್ಟಿಕ್ ಫೈಲಿನಲ್ಲಿ ಇಡಿ. ಅಡುಗೆಮನೆಯ ಕಪಾಟಿನಲ್ಲಿ ಬೇಡ, ಅಲ್ಲಿ ಒದ್ದೆಯಾಗುತ್ತವೆ.